ತಾಲ್ಲೂಕು ಕೋರ್ಟಿನ ಆಚೆಗೂ ಒಂದು ವಕೀಲಿಕೆ: ಸೆಬಿ, ಕಂಪ್ಲಾಯನ್ಸ್ ಮತ್ತು ನಮ್ಮೂರಿನ ದುಡ್ಡು

(ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಶಿಗ್ಗಾಂವಿ ಬಸ್‌ಸ್ಟ್ಯಾಂಡಲ್ಲಿ ನಿಂತೋರಿಗೂ, ಹುಬ್ಬಳ್ಳಿ ಬಸ್ಸಲ್ಲಿ ಸೀಟು ಸಿಗದೆ ಜೋತಾಡ್ತಾ ಕೇಳ್ತಿರೋರಿಗೂ ಸ್ವಾಗತ.

ಹೋದ ವಾರ ಹಾನಗಲ್ ಕಡೆಯಿಂದ ಒಬ್ಬ ತಂಗಿ ವಾಯ್ಸ್ ನೋಟ್ ಕಳಿಸಿದ್ಲು. ಎಲ್‌ಎಲ್‌ಬಿ ಕೊನೇ ವರ್ಷ. ಅವಳ ಪ್ರಶ್ನೆ ಹೀಗಿತ್ತು: "ಅಣ್ಣಾ, ನಮ್ಮ ಮನ್ಯಾಗ ಲಾ ಅಂದ್ರ ಕರಿ ಕೋಟು, ಜಮೀನ್ ಕೇಸು, ಜಾಮೀನು ಇಷ್ಟ ಗೊತ್ತು. ನನ್ ಸೀನಿಯರ್ ಒಬ್ರು ಬೆಂಗಳೂರಾಗ ಕಂಪ್ಲಾಯನ್ಸ್ ಲಾಯರ್ ಅದಾರಂತ. ಕೋರ್ಟಿಗೇ ಹೋಗಂಗಿಲ್ಲಂತ. ಹಂಗಾರ ಅವರು ಮಾಡೋದಾದ್ರೂ ಏನು?"

ಪ್ರಶ್ನೆ ಒಂದು, ಆದ್ರೆ ನನಗೆ ಎರಡು ಕಾರಣಕ್ಕೆ ನಾಟಿತು. ಒಂದು, ನಾನೂ ಬಿ.ಕಾಂ. ಓದಿದವನು, ನನಗೂ ಈ ಕೆಲಸದ ಬಗ್ಗೆ ಕಾಲೇಜಲ್ಲಿ ಯಾರೂ ಹೇಳಿರಲಿಲ್ಲ. ಎರಡನೇದು, ನಮ್ಮ ಕಾಕಾನ ಕತೆ. ಅದನ್ನ ಮೊದಲು ಹೇಳಿಬಿಡ್ತೀನಿ.

ಕಾಕಾ ನನ್ನನ್ನ ಕೇಳಿದ್ದ

ನಮ್ಮ ಕಾಕಾ ಹಿರೇಕೆರೂರು ತಾಲ್ಲೂಕಿನ ರೈತ. ಗೋವಿನಜೋಳ ಮಾರಿದ ದುಡ್ಡು ಕೈಯಲ್ಲಿತ್ತು. ಯಾರೋ ಒಂದು ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸಿದ್ರು. ಅಲ್ಲಿ ದಿನಾ ಶೇರ್ ಟಿಪ್ಸು, ದಿನಾ ಯಾರದೋ ಲಾಭದ ಸ್ಕ್ರೀನ್‌ಶಾಟು. ಆಮೇಲೆ ಒಂದು ಆ್ಯಪಿನ ಲಿಂಕ್ ಬಂತು. ಕಾಕಾ ಹಾಕಿದ್ದು 85 ಸಾವಿರ, ಮೂರು ವಾರದಲ್ಲಿ ಆ್ಯಪ್ ತೋರಿಸಿದ್ದು ನಾಲ್ಕು ಲಕ್ಷ.

ಹಾಕೋ ಮುಂಚೆ ಅವರು ನನ್ನನ್ನ ಕೇಳಿದ್ರು. "ನೀ ಕಾಮರ್ಸ್ ಓದೀದಿ, ಇದು ಖರೇ ಐತೇನ್ ನೋಡಪಾ" ಅಂತ ಫೋನ್ ಕೈಗೆ ಕೊಟ್ರು. ನಾನು ಚಾರ್ಟ್ ನೋಡಿದೆ. ಕ್ಯಾಂಡಲ್ಲು, ವಾಲ್ಯೂಮು ಎಲ್ಲಾ ಸರಿಯಾಗೇ ಕಾಣ್ತು. "ಚಲೋ ಐತಿ ಕಾಕಾ, ಸ್ವಲ್ಪ ಹಾಕಿ ನೋಡ್ರಿ" ಅಂದೆ.

ದುಡ್ಡು ವಾಪಸ್ ತೆಗೀಬೇಕು ಅಂದಾಗ ಆ್ಯಪ್ ಕಡೆಯವರು ಶೇಕಡಾ 20 ಟ್ಯಾಕ್ಸ್ ಮೊದಲು ಕಟ್ಟಿ ಅಂದ್ರು. ಆವಾಗ ಗೊತ್ತಾಯ್ತು. ಕಾಕಾ ಮನೇಲಿ ಯಾರಿಗೂ ಹೇಳದೆ ಒಂಬತ್ತು ದಿನ ಸುಮ್ಮನಿದ್ರು. ಆಮೇಲೆ 1930ಕ್ಕೆ ಫೋನ್ ಮಾಡಿದ್ವಿ. ಅಷ್ಟೊತ್ತಿಗೆ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು, ಬಹಳ ಕಡಿಮೆ ಮೊತ್ತ ಮಾತ್ರ ತಡೆಯೋಕಾಯ್ತು.

ನಾನು ಮೂರು ವರ್ಷ ಅಕೌಂಟ್ಸ್ ಓದಿದ್ದೆ. ಆದ್ರೆ "ದುಡ್ಡು ಇಸ್ಕೊಳ್ಳೋಕೆ ನಿಮಗೆ ಪರವಾನಗಿ ಕೊಟ್ಟೋರು ಯಾರು?" ಅನ್ನೋ ಪ್ರಶ್ನೆ ನನಗೆ ಹೊಳೀಲಿಲ್ಲ. ಸೆಕ್ಯೂರಿಟೀಸ್ ವಕೀಲರು ಯಾವ ಕಾಗದ ಕೈಗೆ ಬಂದ್ರೂ ಮೊದಲು ಕೇಳೋದು ಇದನ್ನೇ.

ಸೆಬಿ ಅಂದ್ರೆ ಏನು, ಅಲ್ಲಿ ವಕೀಲರಿಗೇನು ಕೆಲಸ

ಸೆಕ್ಯೂರಿಟೀಸ್ ಅಂದ್ರೆ ಶೇರು, ಡಿಬೆಂಚರು, ಮ್ಯೂಚುವಲ್ ಫಂಡ್ ಯೂನಿಟ್ಟು, ಫ್ಯೂಚರ್ಸ್, ಆಪ್ಷನ್ಸ್ ಇಂಥವು. ಈ ಪೇಟೆಯನ್ನ ನೋಡ್ಕೊಳ್ಳೋದು ಸೆಬಿ. 1988ರ ಏಪ್ರಿಲ್ 12ಕ್ಕೆ ಸ್ಥಾಪನೆ ಆದಾಗ ಅದಕ್ಕೆ ಕಾನೂನಿನ ಬಲ ಇರಲಿಲ್ಲ. 1992ರ ಜನವರಿಯಲ್ಲಿ ಸುಗ್ರೀವಾಜ್ಞೆ ಮೂಲಕ ಆ ಬಲ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಗೆ ಬಿತ್ತು.

ಸೆಬಿಯ ವಿಶೇಷ ಏನಂದ್ರೆ, ನಿಯಮ ಬರೆಯೋದೂ ಅದೇ, ತನಿಖೆ ಮಾಡೋದೂ ಅದೇ, ವಿಚಾರಣೆ ನಡೆಸಿ ಆದೇಶ ಕೊಡೋದೂ ಅದೇ. ಆದ್ದರಿಂದ ಪ್ರತಿ ಹಂತದಲ್ಲೂ ಕಾನೂನು ಓದಿದವರು ಬೇಕು.

ಒಂದು ಕೇಸು ಹೆಂಗೆ ಸಾಗುತ್ತೆ ನೋಡಿ. ಮೊದಲು ಪರಿಶೀಲನೆ, ತನಿಖೆ. ಆಮೇಲೆ ಶೋಕಾಸ್ ನೋಟಿಸ್. ಹೂಡಿಕೆದಾರರಿಗೆ ತಕ್ಷಣ ಅಪಾಯ ಇದೆ ಅನ್ನಿಸಿದ್ರೆ ಮಧ್ಯಂತರ ಆದೇಶ. ಎದುರು ಪಾರ್ಟಿ ಲಿಖಿತ ಉತ್ತರ ಕೊಡುತ್ತೆ, ವಿಚಾರಣೆ ನಡೆಯುತ್ತೆ, ಅಂತಿಮ ಆದೇಶ ಬರುತ್ತೆ. ಒಪ್ಪಿಗೆ ಇಲ್ಲ ಅಂದ್ರೆ 45 ದಿನದೊಳಗೆ ಮುಂಬೈನ ಸೆಕ್ಯೂರಿಟೀಸ್ ಅಪೆಲೇಟ್ ಟ್ರಿಬ್ಯೂನಲ್‌ಗೆ ಮೇಲ್ಮನವಿ. ಎಲ್ಲರೂ ಇದನ್ನ ಸ್ಯಾಟ್ ಅಂತಾರೆ. ಅಲ್ಲೂ ಒಪ್ಪಿಗೆ ಆಗದಿದ್ರೆ, ಕಾನೂನಿನ ಪ್ರಶ್ನೆ ಇದ್ರೆ ಮಾತ್ರ, 60 ದಿನದೊಳಗೆ ನೇರ ಸುಪ್ರೀಂ ಕೋರ್ಟ್.

ಗಮನಿಸಿ, ಈ ದಾರಿಯಲ್ಲಿ ಸಿವಿಲ್ ಕೋರ್ಟ್ ಎಲ್ಲೂ ಬರಲಿಲ್ಲ. ಸೆಬಿ ಆದೇಶ ಕೊಡಬಹುದಾದ ವಿಷಯಕ್ಕೆ ಸಿವಿಲ್ ಕೋರ್ಟು ಕೈ ಹಾಕೋ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ. ನಮ್ಮ ಸವಣೂರು, ಹಾನಗಲ್ ಕೋರ್ಟ್ ಆವರಣದಲ್ಲಿ ಈ ವಕೀಲಿಕೆ ಕಣ್ಣಿಗೆ ಬೀಳದೇ ಇರೋದಕ್ಕೆ ಇದೂ ಒಂದು ಕಾರಣ.

ಜಮೀನು ಅಂತ ಹೇಳಿ ಮಾರಿದ್ದು ಏನು?

ನಮ್ಮ ಭಾಗದ ಹಳ್ಳಿಗಳಲ್ಲಿ ವಯಸ್ಸಾದವರನ್ನ ಕೇಳಿ ನೋಡಿ, "ತಿಂಗಳಿಗಿಷ್ಟು ಕಟ್ಟಿದ್ರೆ ಪ್ಲಾಟು, ಇಲ್ಲಾ ದುಪ್ಪಟ್ಟು ದುಡ್ಡು" ಅನ್ನೋ ಸ್ಕೀಮುಗಳ ನೆನಪು ಇರುತ್ತೆ. ಏಜೆಂಟ್ ಪಕ್ಕದ ಓಣಿಯವನೇ ಆಗಿರ್ತಿದ್ದ, ಅದಕ್ಕೇ ನಂಬಿಕೆ.

ಇಂಥ ಸ್ಕೀಮುಗಳಲ್ಲಿ ದೇಶದಲ್ಲೇ ದೊಡ್ಡ ಕೇಸು ಪಿಎಸಿಎಲ್, ಅಂದ್ರೆ ಪರ್ಲ್ಸ್. ಕೃಷಿ ಜಮೀನು ಕೊಡ್ತೀವಿ ಅಂತ ಜನರಿಂದ ದುಡ್ಡು ಎತ್ತಿದ ಕಂಪನಿ. ಅವರ ವಾದ ಸರಳ: "ನಾವು ಜಮೀನು ಮಾರ್ತೀವಿ. ಇದು ರಿಯಲ್ ಎಸ್ಟೇಟ್. ಸೆಬಿಗೂ ನಮಗೂ ಏನು ಸಂಬಂಧ?"

ಇಲ್ಲಿ ವಕೀಲರ ಕೆಲಸ ಶುರು. ಸೆಬಿ ಕಾಯ್ದೆಯ 11ಎಎ ಕಲಂನಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗೆ ನಾಲ್ಕು ಗುರುತು ಕೊಟ್ಟಿದ್ದಾರೆ. ಜನರ ದುಡ್ಡು ಒಂದೇ ಗಂಟಾಗಿ ಸೇರುತ್ತಾ? ಲಾಭ, ಆದಾಯ, ಬೆಳೆ ಅಥವಾ ಆಸ್ತಿ ಬರುತ್ತೆ ಅನ್ನೋ ಆಸೆಯಿಂದ ಕಟ್ತಾರಾ? ಆ ಆಸ್ತಿಯನ್ನ ಅವರ ಪರವಾಗಿ ಬೇರೆಯವರು ನೋಡ್ಕೊಳ್ತಾರಾ? ದಿನನಿತ್ಯದ ನಿರ್ವಹಣೆ ಹೂಡಿಕೆದಾರರ ಕೈಯಲ್ಲಿ ಇಲ್ವಾ? ನಾಲ್ಕಕ್ಕೂ ಹೌದು ಅಂದ್ರೆ, ಕಾಗದದ ಮೇಲೆ "ಜಮೀನು" ಅಂತ ಬರೆದಿದ್ರೂ ಅದು ಸೆಬಿ ವ್ಯಾಪ್ತಿಗೆ ಬರುತ್ತೆ.

ಆದ್ರೆ ಇದು ತೀರ್ಮಾನ ಆಗೋಕೆ ಎಷ್ಟು ವರ್ಷ ಬೇಕಾಯ್ತು ಕೇಳಿ. ಸೆಬಿ ಕಂಪನಿಗೆ ಪತ್ರ ಬರೆದಿದ್ದು 1999ರಲ್ಲಿ. ಕಂಪನಿ ರಾಜಸ್ಥಾನ ಹೈಕೋರ್ಟಿಗೆ ಹೋಯ್ತು, 2003ರಲ್ಲಿ ಗೆದ್ದಿತು. ಸೆಬಿ ಸುಪ್ರೀಂ ಕೋರ್ಟಿಗೆ ಹೋಯ್ತು. ಹೈಕೋರ್ಟ್ ತೀರ್ಪು ರದ್ದಾಗಿದ್ದು 2013ರ ಫೆಬ್ರುವರಿಯಲ್ಲಿ. ಸೆಬಿ ಮತ್ತೆ ತನಿಖೆ ಮಾಡಿ 2014ರ ಆಗಸ್ಟ್ 22ಕ್ಕೆ ಆದೇಶ ಕೊಟ್ಟಿತು: ಸುಮಾರು 5.85 ಕೋಟಿ ಜನರಿಂದ ಎತ್ತಿದ 49,100 ಕೋಟಿ ರೂಪಾಯಿ ವಾಪಸ್ ಕೊಡಿ. 2015ರಲ್ಲಿ ಸ್ಯಾಟ್ ಇದನ್ನ ಎತ್ತಿಹಿಡಿಯಿತು. 2016ರ ಫೆಬ್ರುವರಿ 2ಕ್ಕೆ ಸುಪ್ರೀಂ ಕೋರ್ಟ್, ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ನೇತೃತ್ವದಲ್ಲಿ ಕಮಿಟಿ ಮಾಡಿ, ಆಸ್ತಿ ಮಾರಿ ದುಡ್ಡು ಹಂಚೋಕೆ ಹೇಳಿತು. ಕಮಿಟಿ ಸಣ್ಣ ಮೊತ್ತದವರಿಂದ ಶುರು ಮಾಡಿ ಹಂತಹಂತವಾಗಿ ಹಣ ವಾಪಸ್ ಕೊಡ್ತಾ ಬಂತು.

1999ರಿಂದ 2014. ಹದಿನೈದು ವರ್ಷ. ಆ ಅವಧಿಯಲ್ಲೂ ಏಜೆಂಟರು ಮನೆಮನೆಗೆ ಹೋಗಿ ದುಡ್ಡು ಎತ್ತುತ್ತಲೇ ಇದ್ರು. ಒಂದು ವ್ಯಾಖ್ಯಾನದ ಮೇಲಿನ ಜಗಳ ಮುಗಿಯೋ ತನಕ ಬೀದಿಯಲ್ಲಿ ವ್ಯವಹಾರ ನಿಲ್ಲಲಿಲ್ಲ. "ಕಂಪ್ಲಾಯನ್ಸ್ ಅಂದ್ರೆ ಬರೀ ಫಾರ್ಮ್ ತುಂಬೋ ಕೆಲಸ" ಅನ್ನೋರಿಗೆ ನಾನು ಈ ಉದಾಹರಣೆ ಕೊಡ್ತೀನಿ.

ಕಂಪನಿ ಒಳಗೆ ಕೂತವರ ಕೆಲಸ

ಈಗ ಹಾನಗಲ್ ತಂಗಿಯ ನೇರ ಪ್ರಶ್ನೆ: ಕೋರ್ಟಿಗೆ ಹೋಗದ ಲಾಯರ್ ಏನ್ಮಾಡ್ತಾರೆ? ತಪ್ಪು ಆದಮೇಲೆ ವಾದ ಮಾಡೋರು ಒಂದು ಕಡೆ. ಆಗೋ ಮುಂಚೆ "ಇದು ಆಗಲ್ಲ ಸರ್" ಅಂತ ಹೇಳೋರು ಇನ್ನೊಂದು ಕಡೆ. ಈ ಎರಡನೇ ಗುಂಪೇ ಕಂಪ್ಲಾಯನ್ಸ್.

ಬ್ಯಾಡಗಿ ಮಾರ್ಕೆಟ್ ಗೊತ್ತಲ್ಲ. ಮೆಣಸಿನಕಾಯಿ ಟೆಂಡರ್ ತೆರೆಯೋ ಮುಂಚೆ, ಯಾವ ಲಾಟಿಗೆ ಯಾರು ಎಷ್ಟು ರೇಟ್ ಹಾಕಿದ್ದಾರೆ ಅಂತ ಒಬ್ಬ ಖರೀದಿದಾರನಿಗೆ ಮಾತ್ರ ಗೊತ್ತಾದ್ರೆ ಏನಾಗುತ್ತೆ? ಅವನು ಒಂದು ರೂಪಾಯಿ ಮೇಲೆ ಹಾಕಿ ಎತ್ಕೊಂಡು ಹೋಗ್ತಾನೆ. ರೈತನಿಗೂ ಲಾಸು, ಪ್ರಾಮಾಣಿಕವಾಗಿ ಬಂದ ಬೇರೆ ವ್ಯಾಪಾರಿಗೂ ಲಾಸು. ಶೇರು ಪೇಟೆಯಲ್ಲಿ ಇಂಥದ್ದೇ ಕೆಲಸಕ್ಕೆ ಇನ್‌ಸೈಡರ್ ಟ್ರೇಡಿಂಗ್ ಅಂತಾರೆ. ಒಳಗಿನ ಸುದ್ದಿ ಇಟ್ಕೊಂಡು ಶೇರು ಕೊಳ್ಳೋದು, ಮಾರೋದು.

ಇದನ್ನ ತಡೆಯೋಕೆ ಸೆಬಿಯ 2015ರ ನಿಯಮಾವಳಿ ಇದೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಆಗೋ ತನಕ, ಒಳಗಿನ ಮಾಹಿತಿ ಸಿಗೋ ಸಿಬ್ಬಂದಿ ಆ ಕಂಪನಿಯ ಶೇರು ಮುಟ್ಟೋ ಹಾಗಿಲ್ಲ. ಯಾವ ಸೂಕ್ಷ್ಮ ಮಾಹಿತಿ ಯಾರಿಗೆ, ಯಾವಾಗ ಹೋಯ್ತು ಅನ್ನೋದನ್ನ ಆಮೇಲೆ ತಿದ್ದೋಕೆ ಆಗದ ಡಿಜಿಟಲ್ ದಾಖಲೆಯಲ್ಲಿ ಇಡಬೇಕು. ಬೋರ್ಡ್ ಮೀಟಿಂಗಲ್ಲಿ ಡಿವಿಡೆಂಡ್ ತರಹದ ನಿರ್ಧಾರ ಆದ್ರೆ ಮೀಟಿಂಗ್ ಮುಗಿದ 30 ನಿಮಿಷದಲ್ಲಿ ಸ್ಟಾಕ್ ಎಕ್ಸ್‌ಚೇಂಜಿಗೆ ತಿಳಿಸಬೇಕು. ಪೇಟೆ ಮುಚ್ಚಿದ ಮೇಲೆ ಮೀಟಿಂಗ್ ಮುಗಿದ್ರೆ ಮೂರು ಗಂಟೆ ಟೈಮ್ ಇರುತ್ತೆ. ಇದನ್ನೆಲ್ಲ ಗಡಿಯಾರ ನೋಡ್ಕೊಂಡು ಮಾಡಿಸೋದು ಕಂಪ್ಲಾಯನ್ಸ್ ಆಫೀಸರ್. ಲಿಸ್ಟೆಡ್ ಕಂಪನಿಯಲ್ಲಿ ಈ ಹುದ್ದೆಗೆ ಕಂಪನಿ ಸೆಕ್ರೆಟರಿ ಪಾಸಾದವರೇ ಬೇಕು, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಈ ಕಾವಲು ಸಡಿಲ ಆದ್ರೆ ಏನಾಗುತ್ತೆ ಅನ್ನೋಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ, ಕಾಫಿ ಡೇ ಎಂಟರ್‌ಪ್ರೈಸಸ್. 2023ರ ಜನವರಿಯಲ್ಲಿ ಸೆಬಿ ಕೊಟ್ಟ ಆದೇಶದ ಪ್ರಕಾರ, ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸಂಬಂಧಪಟ್ಟ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿತ್ತು. ಸೆಬಿ ಹಾಕಿದ ದಂಡ 26 ಕೋಟಿ. ಲಿಸ್ಟೆಡ್ ಕಂಪನಿಯ ದುಡ್ಡು ಅಂದ್ರೆ ಒಂದೊಂದು ಶೇರು ಇಟ್ಕೊಂಡ ಸಣ್ಣ ಹೂಡಿಕೆದಾರರ ದುಡ್ಡೂ ಅದರಲ್ಲಿ ಇರುತ್ತೆ. ಸಂಬಂಧಿಕ ಕಂಪನಿಗೆ ದುಡ್ಡು ಕಳಿಸೋ ಮುಂಚೆ ಆಡಿಟ್ ಕಮಿಟಿ ಒಪ್ಪಿಗೆ ಬೇಕು, ಬಹಿರಂಗಪಡಿಸಬೇಕು ಅನ್ನೋ ನಿಯಮ ಇರೋದು ಅದಕ್ಕೇ. "ಮಾಲೀಕರು ಹೇಳಿದ್ದಾರೆ, ಟ್ರಾನ್ಸ್‌ಫರ್ ಮಾಡಿ" ಅಂದಾಗ ಒಬ್ಬ ಉದ್ಯೋಗಿ ಎದ್ದು ನಿಂತು ಬೇಡ ಅನ್ನಬೇಕು. ಈ ಕೆಲಸದ ಕಷ್ಟ ಇರೋದು ಅಲ್ಲಿ. ನಿನ್ನ ಸಂಬಳ ಕೊಡೋರಿಗೇ ಬೇಡ ಅನ್ನಬೇಕು.

ಫೋನಿನಲ್ಲಿ ಬಂದ ಹೊಸ ಏಜೆಂಟರು

ಮೊದಲು ಏಜೆಂಟ್ ಸೈಕಲ್ ಮೇಲೆ ಬರ್ತಿದ್ದ, ಈಗ ರೀಲ್ಸಲ್ಲಿ ಬರ್ತಾನೆ. 2023ರ ಅಕ್ಟೋಬರ್‌ನಲ್ಲಿ ಸೆಬಿ, "ಬಾಪ್ ಆಫ್ ಚಾರ್ಟ್" ಅನ್ನೋ ಹೆಸರಲ್ಲಿ ನಡೀತಿದ್ದ ಚಾನೆಲ್ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಪಾಠ ಹೇಳ್ಕೊಡ್ತೀವಿ ಅನ್ನೋ ಹೆಸರಲ್ಲಿ, ನೋಂದಣಿ ಇಲ್ಲದೆ ಕೊಳ್ಳೋ–ಮಾರೋ ಸಲಹೆ ಕೊಟ್ಟು ಹಣ ಪಡೆದಿದ್ದಾರೆ ಅನ್ನೋದು ಸೆಬಿ ಮಾತು. 17.2 ಕೋಟಿ ರೂಪಾಯಿ ಬೇರೆ ಖಾತೆಯಲ್ಲಿ ಇಡೋಕೆ ಹೇಳಿತು. ಇಲ್ಲೂ ವಕೀಲರ ಪ್ರಶ್ನೆ ಹಳೇದೇ: ಇದು ಪಾಠವೋ, ಸಲಹೆಯೋ? ಸಲಹೆ ಆದ್ರೆ ಲೈಸೆನ್ಸ್ ಎಲ್ಲಿ?

ಇನ್ನೊಂದು ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಸೆಬಿ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇಕಡಾ 93 ಮಂದಿ ನಷ್ಟ ಮಾಡ್ಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಇವರು ಮೋಸದ ಆ್ಯಪಲ್ಲಿ ಹಾಕಿದವರಲ್ಲ, ನೋಂದಾಯಿತ ಬ್ರೋಕರ್ ಮೂಲಕವೇ ಆಡಿದವರು. ಅಂದ್ರೆ ಲೈಸೆನ್ಸ್ ಇದೆ ಅಂದ ತಕ್ಷಣ ಲಾಭ ಗ್ಯಾರಂಟಿ ಅಂತಲ್ಲ. ತಪ್ಪಾದ್ರೆ ಹಿಡಿದು ಕೇಳೋಕೆ ಒಂದು ವಿಳಾಸ ಇರುತ್ತೆ, ಅಷ್ಟೇ.

ಹಾಗಾದ್ರೆ ದಾರಿ ಯಾವುದು?

ಬಿ.ಕಾಂ. ಆದವರು ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸ್. ನಮ್ಮ ಭಾಗದ ಲಾ ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರೋ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರ್ತವೆ. ರಾಣೇಬೆನ್ನೂರಲ್ಲೂ ಕಾಲೇಜಿದೆ, ಹುಬ್ಬಳ್ಳಿ–ಧಾರವಾಡದಲ್ಲಂತೂ ಇದ್ದೇ ಇವೆ. ಡಿಗ್ರಿ ಆದಮೇಲೆ ನಾಲ್ಕು ಬಾಗಿಲು.

ಒಂದು, ಸೆಬಿಯಲ್ಲೇ ಕೆಲಸ. ಗ್ರೇಡ್ ಎ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ಲೀಗಲ್ ವಿಭಾಗ ಅಂತಲೇ ಬೇರೆ ಇದೆ. ಎರಡು ಹಂತದ ಆನ್‌ಲೈನ್ ಪರೀಕ್ಷೆ, ಆಮೇಲೆ ಸಂದರ್ಶನ.

ಎರಡು, ಬ್ರೋಕರ್, ಮ್ಯೂಚುವಲ್ ಫಂಡ್, ಹೂಡಿಕೆ ಆ್ಯಪ್ ಕಂಪನಿಗಳ ಕಂಪ್ಲಾಯನ್ಸ್ ವಿಭಾಗ. ಇಲ್ಲಿ ಎನ್‌ಐಎಸ್‌ಎಂ ಪರೀಕ್ಷೆಗಳು ಬೇಕಾಗ್ತವೆ. ಸೆಬಿಯೇ 2006ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಬ್ರೋಕರ್ ಕಂಪನಿಯ ಕಂಪ್ಲಾಯನ್ಸ್ ಆಫೀಸರ್ ಆಗೋಕೆ ಅವರ "ಸೀರೀಸ್ 3-ಎ" ಪರೀಕ್ಷೆ ಪಾಸಾಗಬೇಕು.

ಮೂರು, ಲಿಸ್ಟೆಡ್ ಕಂಪನಿ. ಆಗಲೇ ಹೇಳಿದ್ನಲ್ಲ, ಅಲ್ಲಿ ಕಂಪನಿ ಸೆಕ್ರೆಟರಿ ಆಗಿರಬೇಕು. ಎಲ್‌ಎಲ್‌ಬಿ ಜೊತೆ ಸಿಎಸ್ ಮಾಡ್ಕೊಂಡವರಿಗೆ ಈ ಬಾಗಿಲು ತೆಗೆಯುತ್ತೆ.

ನಾಲ್ಕು, ವಕೀಲಿಕೆಯೇ. ಸೆಬಿ ಮುಂದೆ, ಸ್ಯಾಟ್ ಮುಂದೆ ವಾದ ಮಾಡೋ ಲಾ ಫರ್ಮುಗಳು. ಹೆಚ್ಚಿನವು ಮುಂಬೈನಲ್ಲಿ.

ಒಂದು ಎಚ್ಚರಿಕೆ. ಸನ್ನದು ಪಡೆದ ವಕೀಲರು ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ್ರೆ ವಕೀಲಿಕೆ ನಡೆಸೋ ಹಾಗಿಲ್ಲ. ಬಾರ್ ಕೌನ್ಸಿಲ್‌ಗೆ ತಿಳಿಸಿ ಸನ್ನದು ಅಮಾನತಲ್ಲಿ ಇಡಬೇಕು. ಬಿಟ್ಟು ಬಂದಮೇಲೆ ಮತ್ತೆ ಶುರು ಮಾಡಬಹುದು. ಮನೆಯವರಿಗೆ "ಕರಿ ಕೋಟು ಬಿಟ್ಟಳು" ಅನ್ನೋ ಬೇಜಾರಿದ್ರೆ ಇದನ್ನ ಹೇಳಿ.

ಈ ದಾರಿ ಎಲ್ಲಿ ತನಕ ಹೋಗುತ್ತೆ? 2023ರ ಮಾರ್ಚ್ 2ಕ್ಕೆ ಅದಾನಿ–ಹಿಂಡನ್‌ಬರ್ಗ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ಆರು ಜನರ ತಜ್ಞರ ಕಮಿಟಿ ಮಾಡ್ತು. ಅದರಲ್ಲಿ ಧಾರವಾಡದಲ್ಲಿ ಶಾಲೆ ಓದಿದ ನಂದನ್ ನಿಲೇಕಣಿ ಇದ್ರು. ಸೆಕ್ಯೂರಿಟೀಸ್ ಕಾನೂನಿನ ವಕೀಲ ಸೋಮಶೇಖರ್ ಸುಂದರೇಶನ್ ಕೂಡ ಇದ್ರು. ಅದೇ ವರ್ಷ ನವೆಂಬರ್‌ನಲ್ಲಿ ಸುಂದರೇಶನ್ ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿ ಆದ್ರು.

ಇಂಗ್ಲಿಷ್ ಭಯ ಇದ್ದೇ ಇರುತ್ತೆ, ಸುಳ್ಳು ಹೇಳಲ್ಲ. ಆದೇಶ, ನೋಟಿಸು, ಉತ್ತರ ಎಲ್ಲಾ ಇಂಗ್ಲಿಷಲ್ಲೇ. ಆದ್ರೆ ಸೆಬಿ ತನ್ನ ಆದೇಶಗಳನ್ನ ವೆಬ್‌ಸೈಟಲ್ಲಿ ಪುಕ್ಕಟೆ ಹಾಕಿದೆ. ವಾರಕ್ಕೊಂದು ಓದಿ. ಯಾರು, ಏನು ಮಾಡಿದ್ರು, ಯಾವ ನಿಯಮ, ಏನು ಶಿಕ್ಷೆ ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ನಾನು ಈ ಸಂಚಿಕೆಗೆ ಹಾಗೇ ತಯಾರಾಗಿದ್ದು.

ಊರಲ್ಲೇ ಇದ್ದು ಏನು ಮಾಡಬಹುದು

ಎಲ್ಲರೂ ಮುಂಬೈಗೆ ಹೋಗಲೇಬೇಕಾ? ಬೇಡ. ಸವಣೂರಲ್ಲಿ ಎಲೆ ತೋಟದವರೊಬ್ಬರು ಒಂದು ಬಾಂಡ್ ಪೇಪರ್ ಹಿಡ್ಕೊಂಡು ವಕೀಲರ ಆಫೀಸಿಗೆ ಬರ್ತಾರೆ ಅಂದ್ಕೊಳ್ಳಿ. ಇದು ಯಾವ ಕಾನೂನಿಗೆ ಬರುತ್ತೆ ಅಂತ ಸರಿಯಾಗಿ ಹೇಳೋ ಒಬ್ಬ ವಕೀಲರು ಅಲ್ಲೇ ಇದ್ರೆ ಅವರ ಒಂದು ವರ್ಷ ಉಳಿಯುತ್ತೆ.

ನೋಂದಾಯಿತ ಬ್ರೋಕರ್, ಮ್ಯೂಚುವಲ್ ಫಂಡ್, ಲಿಸ್ಟೆಡ್ ಕಂಪನಿ ಮೇಲಿನ ದೂರು ಸೆಬಿಯ "ಸ್ಕೋರ್ಸ್" ಪೋರ್ಟಲ್‌ಗೆ ಹೋಗುತ್ತೆ. ಅವರು 21 ದಿನದಲ್ಲಿ ಉತ್ತರ ಕೊಡಬೇಕು. ಅನುಮತಿ ಇಲ್ಲದೆ ಠೇವಣಿ ಎತ್ತಿದವರ ಮೇಲೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 2004ರ ಠೇವಣಿದಾರರ ಹಿತರಕ್ಷಣೆ ಕಾಯ್ದೆಯೂ ಇದೆ. ನಕಲಿ ಆ್ಯಪ್, ಆನ್‌ಲೈನ್ ಮೋಸ ಆದ್ರೆ 1930, ಅದೂ ತಕ್ಷಣ. ನಮ್ಮ ಕಾಕಾನ ತರಹ ನಾಚ್ಕೊಂಡು ಒಂಬತ್ತು ದಿನ ಕಾಯಬೇಡಿ. ಹಳೇ ಸ್ಕೀಮಿನ ಮೂಲ ಸರ್ಟಿಫಿಕೇಟ್ ಇದ್ರೆ "ದುಡ್ಡು ಕೊಡಿಸ್ತೀನಿ" ಅಂದವರ ಕೈಗೆ ಕೊಡಬೇಡಿ.

ದುಡ್ಡು ಹಾಕೋ ಮುಂಚೆ ಎರಡು ನಿಮಿಷದ ಪರೀಕ್ಷೆ ಇದೆ. ನೋಂದಣಿ ಸಂಖ್ಯೆ ಕೇಳಿ. ಬ್ರೋಕರ್ ಆದ್ರೆ "ಐಎನ್‌ಜೆಡ್" ಅಕ್ಷರಗಳಿಂದ, ಹೂಡಿಕೆ ಸಲಹೆಗಾರ ಆದ್ರೆ "ಐಎನ್‌ಎ", ರಿಸರ್ಚ್ ಅನಲಿಸ್ಟ್ ಆದ್ರೆ "ಐಎನ್‌ಎಚ್" ಅಕ್ಷರಗಳಿಂದ ಶುರುವಾಗುತ್ತೆ. ಆ ಸಂಖ್ಯೆ, ಹೆಸರು ಎರಡನ್ನೂ ಸೆಬಿ ವೆಬ್‌ಸೈಟಲ್ಲಿ ನೀವೇ ಹುಡುಕಿ, ಅವರು ಕಳಿಸಿದ ಫೋಟೋ ನಂಬಬೇಡಿ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಸಂಸ್ಥೆಗಳ ಯುಪಿಐ ಐಡಿಯಲ್ಲಿ "ವ್ಯಾಲಿಡ್" ಅನ್ನೋ ಪದವೂ ಇರುತ್ತೆ. ಯಾರದೋ ಖಾಸಗಿ ಖಾತೆಗೆ ಹಾಕಿ ಅಂದ್ರೆ ಅಲ್ಲೇ ನಿಲ್ಲಿಸಿ.

ಹಾನಗಲ್ ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಇದು. ಜನರ ದುಡ್ಡು ಇಸ್ಕೊಳ್ಳೋರನ್ನ "ನೀವು ಯಾರು, ದುಡ್ಡು ಎಲ್ಲಿಡ್ತೀರಿ, ಯಾರಿಗೆ ಏನು ಹೇಳಿದ್ದೀರಿ" ಅಂತ ಕೇಳೋದೇ ಆ ಸೀನಿಯರ್ ಕೆಲಸ. ಮನೇಲಿ ಹಾಗೇ ಹೇಳು.

ನಮ್ಮ ಕಾಕಾ ಈಗ್ಲೂ ನನ್ನನ್ನ ಬೈದಿಲ್ಲ. ಮೊನ್ನೆ ಊರಿಗೆ ಹೋದಾಗ ಮತ್ತೆ ಫೋನ್ ಕೈಗೆ ಕೊಟ್ರು, ಯಾವುದೋ ಹೊಸ ಸ್ಕೀಮು. ಈ ಸಲ ನಾನು ಚಾರ್ಟ್ ತೆಗೀಲಿಲ್ಲ. "ಕಾಕಾ, ಇವರ ನೋಂದಣಿ ನಂಬರ್ ಎಲ್ಲಿ?" ಅಂದೆ. ಇಬ್ಬರೂ ಕೂತು ಹುಡುಕಿದ್ವಿ. ಇರಲಿಲ್ಲ. ಕಾಕಾ ಗ್ರೂಪಿಂದ ಹೊರಗೆ ಬಂದ್ರು.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಕನ್ನಡದಲ್ಲೇ, ನಿಮ್ಮ ಊರಿನ ಮಾತಲ್ಲೇ. ಮುಂದಿನ ವಾರ ಸಿಗೋಣ. ಬರ್ತೀನ್ರಿ.